ಪ್ರಾಸ್ಟೇಟ್ ಬಯಾಪ್ಸಿ ರಿಪೋರ್ಟ್ ಬಂದ ಮೇಲೆ: ಆಪರೇಶನ್‌ಗೆ ಮೊದಲು ಹಂತವನ್ನು ಅಂದಾಜು ಮಾಡುವ ಕ್ರಮ

"ಡಾಕ್ಟ್ರ, ಅಪ್ಪಾರದು ಎಷ್ಟನೇ ಸ್ಟೇಜ್ ಐತ್ರಿ?" ಪ್ರಾಸ್ಟೇಟ್ ಬಯಾಪ್ಸಿ ರಿಪೋರ್ಟ್ ಹಿಡಿದು ಬಂದ ಮನೆಯವರು ಮೊದಲು ಕೇಳುವುದೇ ಇದು. ಆದರೆ ಉತ್ತರ ಆ ಕಾಗದದಲ್ಲಿ ಇರುವುದಿಲ್ಲ. ಕ್ಯಾನ್ಸರ್ ಇದೆಯೇ, ಎಂಥದ್ದು, ಸೂಜಿ ಹೋದ ಜಾಗದಲ್ಲಿ ಎಷ್ಟಿದೆ ಎಂಬುದನ್ನಷ್ಟೇ ಬಯಾಪ್ಸಿ ಹೇಳುತ್ತದೆ. ಅದು ಪ್ರಾಸ್ಟೇಟ್ ಗ್ರಂಥಿಯೊಳಗೇ ಇದೆಯೋ, ಹೊರಗೆ ದಾಟಿದೆಯೋ ಎಂಬುದನ್ನು ಬಯಾಪ್ಸಿಯ ಜೊತೆಗೆ ಪಿಎಸ್‌ಎ (ಪ್ರಾಸ್ಟೇಟ್‌ನಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನಿನ ಅಳತೆ), ಗುದದ್ವಾರದಿಂದ ವೈದ್ಯರು ಮಾಡುವ ಬೆರಳು ಪರೀಕ್ಷೆ ಮತ್ತು ಸ್ಕ್ಯಾನ್‌ಗಳನ್ನು ಸೇರಿಸಿ ಅಂದಾಜು ಮಾಡಬೇಕು. ಈ ಲೇಖನ ಆ ಲೆಕ್ಕದ ಕ್ರಮವನ್ನು ಹೇಳುತ್ತದೆ. ನಿರ್ಧಾರ ಯೂರಾಲಜಿಸ್ಟ್ ಅವರದೇ. ಆದರೂ ಲೆಕ್ಕ ತಿಳಿದಿದ್ದರೆ ಅವರ ಮುಂದೆ ಕೂತಾಗ ಕೇಳಬೇಕಾದ್ದನ್ನೇ ಕೇಳಬಹುದು.

ಮೊದಲು ಕಾಗದಪತ್ರ

ಮೂರು ಮಾಹಿತಿ ಇಲ್ಲದೆ ಮುಂದೆ ಹೋಗಬೇಡಿ: ಬಯಾಪ್ಸಿಗೆ ಮೊದಲಿನ ಪಿಎಸ್‌ಎ, ಬೆರಳು ಪರೀಕ್ಷೆಯಲ್ಲಿ ಕಂಡದ್ದು, ಬಯಾಪ್ಸಿಯ ಪೂರ್ತಿ ರಿಪೋರ್ಟ್.

ಪಿಎಸ್‌ಎಯಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಸಮಯ. ಮೂತ್ರದಲ್ಲಿ ಸೋಂಕು ಇದ್ದಾಗ, ಉಚ್ಚಿ ಕಟ್ಟಿ ಕ್ಯಾತಿಟರ್ ಹಾಕಿದಾಗ, ಬಯಾಪ್ಸಿ ಆದ ಹೊಸದರಲ್ಲಿ ಪಿಎಸ್‌ಎ ಸುಮ್ಮನೆ ಏರಿರುತ್ತದೆ. ಅಂಥ ಅಂಕಿ ಈ ಲೆಕ್ಕಕ್ಕೆ ಬರುವುದಿಲ್ಲ. ಸೋಂಕು ಇಳಿದು 6ರಿಂದ 8 ವಾರ ಆದ ಮೇಲಿನದು ಬೇಕು. ಎರಡನೆಯದು ಇನ್ನೂ ದೊಡ್ಡ ತಪ್ಪು: ಮಾತ್ರೆ. ಉಚ್ಚಿ ಸಲೀಸಾಗಿ ಬರಲೆಂದು ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಇರುವ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರು ಬಹಳ. ಟ್ಯಾಮ್ಸುಲೋಸಿನ್ ಜೊತೆ ಸೇರಿಸಿ ಒಂದೇ ಗುಳಿಗೆಯಾಗಿಯೂ ಬರುತ್ತದೆ. ಆರು ತಿಂಗಳಿಗೂ ಹೆಚ್ಚು ಕಾಲ ತೆಗೆದುಕೊಂಡರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಬಂದ ಅಂಕಿಯನ್ನು ಎರಡರಿಂದ ಗುಣಿಸಿ ನೋಡಬೇಕು. ವೈದ್ಯರು ಕೇಳದಿದ್ದರೂ ಮಾತ್ರೆಯ ಖಾಲಿ ಪಟ್ಟಿಯನ್ನು ಫೈಲಿನಲ್ಲಿ ಇಟ್ಟಿರಿ. ಟ್ಯಾಮ್ಸುಲೋಸಿನ್ ಒಂದೇ ಇದ್ದರೆ ಈ ತೊಂದರೆ ಇಲ್ಲ.

ಎಷ್ಟು ಎಳೆ, ಯಾವ ಜಾಗದಿಂದ

ಸೂಜಿಯಲ್ಲಿ ಬರುವುದು ಶಾವಿಗೆ ಎಳೆಯಂಥ ಚೂರು. ಒಂದು ಮಿಲಿಮೀಟರಿಗಿಂತ ಸಣ್ಣ ದಪ್ಪ, ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದ. ರಿಪೋರ್ಟಿನಲ್ಲಿ ಇದನ್ನು ಕೋರ್ ಎನ್ನುತ್ತಾರೆ. ವಾಡಿಕೆಯಲ್ಲಿ 12 ಕೋರ್ ತೆಗೆಯುತ್ತಾರೆ: ಬಲಕ್ಕೆ ಆರು, ಎಡಕ್ಕೆ ಆರು. ಎರಡೂ ಕಡೆ ಬುಡ, ನಡು, ತುದಿ ಎಂದು ಮೂರು ಮಟ್ಟ. ಬುಡ ಎಂದರೆ ಮೂತ್ರಚೀಲದ ಕಡೆ, ತುದಿ ಎಂದರೆ ಕೆಳಗೆ ಮೂತ್ರನಾಳ ಹೊರಬೀಳುವ ಕಡೆ. ಮೊದಲೇ ಎಂಆರ್‌ಐ ಆಗಿ ಸಂಶಯದ ಗಂಟು ಕಂಡಿದ್ದರೆ ಅದರಿಂದ ಬೇರೆಯಾಗಿ ಎರಡರಿಂದ ನಾಲ್ಕು ಕೋರ್ ತೆಗೆಯುತ್ತಾರೆ.

40 ಸಿಸಿ ಗಾತ್ರದ ಗ್ರಂಥಿಯಿಂದ 12 ಕೋರ್ ತೆಗೆದರೂ ಬಂದದ್ದು ಗ್ರಂಥಿಯ ಶೇ. 0.5ರಷ್ಟೂ ಅಲ್ಲ. ಬಯಾಪ್ಸಿ ರೋಗವನ್ನು ಕಡಿಮೆ ತೋರಿಸುವುದಕ್ಕೆ ಇದೇ ಮೂಲ ಕಾರಣ. ಗುದದ್ವಾರದ ಮೂಲಕ ಹೋಗುವ ಸೂಜಿಗೆ ಗ್ರಂಥಿಯ ಮುಂಭಾಗ ದೂರವಾಗುವುದರಿಂದ ಅಲ್ಲಿಯ ಗಡ್ಡೆ ತಪ್ಪಿಹೋಗುವುದೂ ಉಂಟು.

ಡಬ್ಬಿಗಳ ವಿಷಯವನ್ನು ಬಯಾಪ್ಸಿಗೆ ಮೊದಲೇ ಕೇಳಿಕೊಳ್ಳಬೇಕು. ಎಳೆಗಳನ್ನು ಜಾಗವಾರು ಬೇರೆ ಬೇರೆ ಫಾರ್ಮಲಿನ್ ಡಬ್ಬಿಗೆ ಹಾಕಿ ಚೀಟಿ ಅಂಟಿಸಿದ್ದರೆ ಯಾವ ಮೂಲೆಯಲ್ಲಿ ರೋಗವಿದೆ ಎಂಬ ನಕ್ಷೆಯೇ ಸಿಗುತ್ತದೆ. ಹನ್ನೆರಡನ್ನೂ ಒಂದೇ ಡಬ್ಬಿಗೆ ಸುರಿದರೆ ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಮುರಿಯುತ್ತವೆ. ಆಗ ಎಷ್ಟು ಕೋರ್‌ನಲ್ಲಿ ಕ್ಯಾನ್ಸರ್ ಇದೆ ಎಂದು ಪೆಥಾಲಜಿಸ್ಟ್ ಖಚಿತವಾಗಿ ಎಣಿಸಲಾರರು, ಬಲ ಎಡ ಹೇಳುವ ದಾರಿಯೂ ಇರುವುದಿಲ್ಲ. ಒಮ್ಮೆ ಕಳೆದ ಈ ಮಾಹಿತಿಯನ್ನು ಮತ್ತೆ ಸ್ಲೈಡ್ ನೋಡಿ ತರಲಾಗದು. ಕನಿಷ್ಠ ಪಕ್ಷ ಬಲಕ್ಕೊಂದು, ಎಡಕ್ಕೊಂದು ಡಬ್ಬಿಯಾದರೂ ಇರಲಿ.

ಗ್ಲೀಸನ್ ಅಂಕಿ ಓದುವುದು

ಕ್ಯಾನ್ಸರ್ ಜೀವಕೋಶಗಳು ಗ್ರಂಥಿಯ ಆಕಾರವನ್ನು ಎಷ್ಟು ಉಳಿಸಿಕೊಂಡಿವೆ ಎಂಬುದರ ಮೇಲೆ 3, 4, 5 ಎಂದು ದರ್ಜೆ ಕೊಡುತ್ತಾರೆ, ಅಂಕಿ ಏರಿದಷ್ಟೂ ಕೆಟ್ಟದ್ದು. ಈಗ ಬಯಾಪ್ಸಿಯಲ್ಲಿ 1, 2 ಕೊಡುವ ರೂಢಿ ಇಲ್ಲ. ಹೆಚ್ಚು ಕಂಡ ದರ್ಜೆ ಮೊದಲು, ಉಳಿದದ್ದರಲ್ಲಿ ಅತಿ ಕೆಟ್ಟದ್ದು ಆಮೇಲೆ, ಎರಡನ್ನೂ ಕೂಡಿದರೆ ಗ್ಲೀಸನ್ ಅಂಕಿ. ಹಾಗಾಗಿ 3ರ ಕ್ಯಾನ್ಸರೇ ತುಂಬಿದ್ದು, ನಡುವೆ ಸ್ವಲ್ಪ 4 ಇದ್ದು, ತುಸುವೇ 5 ಕಂಡರೂ ಬಯಾಪ್ಸಿಯಲ್ಲಿ ಅದನ್ನು 3+5=8 ಎಂದು ಬರೆಯಬೇಕು.

ಕೂಡಿದ ಮೊತ್ತದಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲೇ 6 ಆಗಿರುವುದು ಮನೆಯವರನ್ನು ಹೆದರಿಸುತ್ತದೆ. ಹತ್ತಕ್ಕೆ ಆರು ಎಂದರೆ ಅರ್ಧಕ್ಕಿಂತ ಹೆಚ್ಚು ಕೆಟ್ಟಿದೆ ಎಂದು ಓದಿಕೊಳ್ಳುತ್ತಾರೆ. ಈ ಗೊಂದಲ ತಪ್ಪಿಸಲೆಂದೇ ಅಂತಾರಾಷ್ಟ್ರೀಯ ಪೆಥಾಲಜಿ ತಜ್ಞರು 2014ರಲ್ಲಿ ಗ್ರೇಡ್ ಗ್ರೂಪ್ ಒಪ್ಪಿಕೊಂಡರು. 3+3 ಇದ್ದರೆ ಗ್ರೂಪ್ 1. 3+4 ಗ್ರೂಪ್ 2. 4+3 ಗ್ರೂಪ್ 3. ಮೊತ್ತ 8 ಆದರೆ ಗ್ರೂಪ್ 4. ಮೊತ್ತ 9 ಅಥವಾ 10 ಆದರೆ ಗ್ರೂಪ್ 5. ರಿಪೋರ್ಟಿನಲ್ಲಿ ಬರೀ 'ಗ್ಲೀಸನ್ 7' ಎಂದು ಬರೆದಿದ್ದರೆ ಅದನ್ನು ಅಲ್ಲಿಗೇ ಬಿಡಬೇಡಿ. 3+4ಕ್ಕೂ 4+3ಕ್ಕೂ ಇರುವ ವ್ಯತ್ಯಾಸ ದೊಡ್ಡದು, ಮುಂದಿನ ಲೆಕ್ಕದಲ್ಲಿ ಅದು ಕಾಣುತ್ತದೆ. 7 ಇದ್ದಾಗ 4ರ ಪಾಲು ಶೇಕಡಾ ಎಷ್ಟು ಎಂದೂ ಬರೆದಿರಬೇಕು. ಶೇ. 5ರಷ್ಟು 4 ಇರುವ 3+4 ಬೇರೆ, ಶೇ. 45ರಷ್ಟು ಇರುವ 3+4 ಬೇರೆ.

ಎಣಿಸುವುದು, ಅಳೆಯುವುದು

ಒಟ್ಟು ಕೋರ್ ಎಷ್ಟು, ಅದರಲ್ಲಿ ಕ್ಯಾನ್ಸರ್ ಕಂಡದ್ದು ಎಷ್ಟು? ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೂರರಿಂದ ಗುಣಿಸಿ. 12ರಲ್ಲಿ 5 ಎಂದರೆ ಸುಮಾರು ಶೇ. 42. ಎಂಆರ್‌ಐ ನೋಡಿ ಒಂದೇ ಗಂಟಿನಿಂದ ತೆಗೆದ ಮೂರು ನಾಲ್ಕು ಕೋರ್ ಇದ್ದರೆ ಅವನ್ನು ಸಾಮಾನ್ಯವಾಗಿ ಒಂದೇ ಎಂದು ಎಣಿಸುತ್ತಾರೆ. ಇಲ್ಲದಿದ್ದರೆ ಗಡ್ಡೆಯ ನಡುವಿಗೇ ನಾಲ್ಕು ಸಲ ಚುಚ್ಚಿ ರೋಗ ಎಲ್ಲೆಡೆ ಹಬ್ಬಿದೆ ಎಂದಂತಾಗುತ್ತದೆ.

ಒಂದು ಕೋರ್‌ನಲ್ಲಿ ಕ್ಯಾನ್ಸರ್ ಎಷ್ಟು ಉದ್ದವಿದೆ ಎಂಬುದೂ ಬೇಕು, ಮಿಲಿಮೀಟರಿನಲ್ಲೋ ಶೇಕಡಾದಲ್ಲೋ. 15 ಮಿ.ಮೀ. ಎಳೆಯಲ್ಲಿ 1 ಮಿ.ಮೀ. ಇರುವುದಕ್ಕೂ 12 ಮಿ.ಮೀ. ಇರುವುದಕ್ಕೂ ಗಡ್ಡೆಯ ಗಾತ್ರದ ಅಂದಾಜು ಪೂರ್ತಿ ಬದಲಾಗುತ್ತದೆ. ಒಂದೇ ಕಡೆಯ ಬುಡ, ನಡು, ತುದಿ ಮೂರರಲ್ಲೂ ಉದ್ದುದ್ದ ಕ್ಯಾನ್ಸರ್ ಕಂಡರೆ ಆ ಬದಿಯಲ್ಲಿ ಅದು ಕವಚ, ಅಂದರೆ ಗ್ರಂಥಿಯ ಹೊರಪದರ, ದಾಟಿರುವ ಸಂಶಯ ಹೆಚ್ಚು.

ರಿಪೋರ್ಟಿನ ಕೊನೆಯ ಸಾಲುಗಳು

ಇಲ್ಲಿ ಬರುವ ಪದಗಳನ್ನು ಬಹಳ ಜನ ಓದದೆ ಬಿಡುತ್ತಾರೆ. ಕ್ಯಾನ್ಸರ್ ಪ್ರಾಸ್ಟೇಟ್ ಸುತ್ತಲಿನ ಕೊಬ್ಬಿನಲ್ಲಿ ಕಂಡಿದೆ ಎಂದು ಬರೆದಿದ್ದರೆ ಅದು ಗ್ರಂಥಿ ದಾಟಿದ್ದಕ್ಕೆ ನೇರ ಸಾಕ್ಷಿ. ಸೂಜಿ ಬಯಾಪ್ಸಿಯಲ್ಲಿ ಇದು ಅಪರೂಪ, ಆದರೆ ಕಂಡರೆ ಗಂಭೀರ. ಸ್ನಾಯುವಿನಲ್ಲಿ ಕಂಡಿದೆ ಎಂದಿದ್ದರೆ ಹಾಗಲ್ಲ, ಏಕೆಂದರೆ ತುದಿ ಮತ್ತು ಮುಂಭಾಗದಲ್ಲಿ ಸ್ನಾಯುವಿನ ಎಳೆಗಳು ಗ್ರಂಥಿಯ ಜೊತೆಗೇ ಹೆಣೆದಿರುತ್ತವೆ.

ವೀರ್ಯಕೋಶದಲ್ಲಿ (ಪ್ರಾಸ್ಟೇಟ್‌ನ ಬುಡಕ್ಕೆ ಅಂಟಿಕೊಂಡಿರುವ ಚೀಲ) ಕ್ಯಾನ್ಸರ್ ಎಂದಿದ್ದರೆ, ಸೂಜಿಯನ್ನು ಬೇಕೆಂದೇ ಅಲ್ಲಿಗೆ ಹಾಕಿದ್ದರೇ ಎಂದು ಕೇಳಿ. ಬುಡದ ಕೋರ್‌ನಲ್ಲಿ ಅಕಸ್ಮಾತ್ ಬಂದ ಚೂರಾದರೆ ಅದು ಗ್ರಂಥಿಯ ಒಳಗಿರುವ ಭಾಗವೋ, ಹೊರಗಿನದೋ ಎಂದು ಬೇರ್ಪಡಿಸಲಾಗದು.

ನರದ ಸುತ್ತ ಕ್ಯಾನ್ಸರ್ ಹಬ್ಬಿದೆ ಎಂಬ ಸಾಲು ಕಂಡ ಕೂಡಲೇ ಮೈಯೆಲ್ಲ ಹಬ್ಬಿದೆ ಎಂದು ಎದೆ ಒಡೆದುಕೊಳ್ಳಬೇಡಿ. ಗ್ರಂಥಿಯೊಳಗಿನ ಸಣ್ಣ ನರಗಳ ಮಾತು ಅದು. ಆ ಕಡೆ ಕವಚ ದಾಟುವ ಸಂಭವ ಸ್ವಲ್ಪ ಹೆಚ್ಚು ಎಂಬುದಷ್ಟೇ ಅದರ ಅರ್ಥ. ಅದಕ್ಕಿಂತ ಹೆಚ್ಚು ತೂಕ ಕೊಡಬೇಕಾದ್ದು ಕ್ರಿಬ್ರಿಫಾರ್ಮ್ (ಜರಡಿಯಂತೆ ತೂತುತೂತಾಗಿ ಬೆಳೆದದ್ದು) ಮತ್ತು ಇಂಟ್ರಾಡಕ್ಟಲ್ (ಗ್ರಂಥಿಯ ನಾಳಗಳೊಳಗೆ ಬೆಳೆದದ್ದು) ಎಂಬ ಎರಡು ಪದಗಳಿಗೆ. ಗ್ಲೀಸನ್ 7 ಇದ್ದರೂ ಇವೆರಡರಲ್ಲಿ ಒಂದು ಕಂಡರೆ ರೋಗ ಅಂಕಿ ಹೇಳುವುದಕ್ಕಿಂತ ಜೋರಾಗಿದೆ ಎಂದು ತಿಳಿಯಬೇಕು.

ಟಿ ಹಂತ ಬೆರಳಿನಿಂದ ಬರುತ್ತದೆ

ಟಿ ಹಂತ ಎಂದರೆ ಗಡ್ಡೆ ಎಲ್ಲಿಯವರೆಗೆ ಹೋಗಿದೆ ಎಂಬುದರ ಗುರುತು. ಆಪರೇಶನ್‌ಗೆ ಮೊದಲಿನ ಟಿ ಹಂತವನ್ನು ಗುದದ್ವಾರದಲ್ಲಿ ಬೆರಳು ಹಾಕಿ ಗ್ರಂಥಿ ಮುಟ್ಟಿ ನೋಡಿ ಹೇಳುತ್ತಾರೆ. ಬೆರಳಿಗೆ ಏನೂ ಸಿಗದೆ, ಪಿಎಸ್‌ಎ ಏರಿದ್ದಕ್ಕೆ ಸೂಜಿ ಹಾಕಿ ಪತ್ತೆಯಾದರೆ ಟಿ1ಸಿ. ಒಂದು ಬದಿಯ ಅರ್ಧದೊಳಗೆ ಗಟ್ಟಿ ಗಂಟು ಸಿಕ್ಕರೆ ಟಿ2ಎ, ಅದೇ ಬದಿಯಲ್ಲಿ ಅರ್ಧ ಮೀರಿದರೆ ಟಿ2ಬಿ, ಎರಡೂ ಬದಿಗೆ ಸಿಕ್ಕರೆ ಟಿ2ಸಿ. ಕವಚ ದಾಟಿದಂತೆ ಸಿಕ್ಕರೆ ಟಿ3ಎ, ವೀರ್ಯಕೋಶಕ್ಕೆ ಹೋದರೆ ಟಿ3ಬಿ, ಅಕ್ಕಪಕ್ಕದ ಅಂಗಕ್ಕೆ ಅಂಟಿ ಅಲುಗದಿದ್ದರೆ ಟಿ4.

ಬೆರಳಿಗೆ ಏನೂ ಸಿಗದ, ಆದರೆ ಬಯಾಪ್ಸಿಯಲ್ಲಿ ಎರಡೂ ಕಡೆ ಕ್ಯಾನ್ಸರ್ ಬಂದವರ ಫೈಲಿನ ಮೇಲೆ ಟಿ2ಸಿ ಎಂದು ಬರೆದಿರುವುದನ್ನು ಕಾಣಬಹುದು. ಅದು ತಪ್ಪು. ಬಯಾಪ್ಸಿ ಎರಡೂ ಬದಿಗೆ ಬಂದರೂ ಬೆರಳಿಗೆ ಸಿಗದಿದ್ದರೆ ಅದು ಟಿ1ಸಿಯೇ. ಕೆಲವು ವಿಂಗಡಣೆಗಳಲ್ಲಿ ಟಿ2ಸಿ ಎಂದ ಕೂಡಲೇ ರೋಗಿ ಹೆಚ್ಚು ಅಪಾಯದ ಗುಂಪಿಗೆ ಜಿಗಿಯುತ್ತಾನೆ, ಬೇಡದ ಸ್ಕ್ಯಾನ್, ಬೇಡದ ಹೆದರಿಕೆ ಬೆನ್ನಿಗೆ ಬರುತ್ತವೆ. ಎಂಆರ್‌ಐಯಲ್ಲಿ ಕಂಡದ್ದು ಚಿಕಿತ್ಸೆಯ ನಿರ್ಧಾರಕ್ಕೆ ಬೇಕೇ ಬೇಕು, ಆದರೆ ಅದನ್ನು ಬೇರೆಯಾಗಿಯೇ ಬರೆಯಬೇಕು. ಬೆರಳು ಪರೀಕ್ಷೆಯ ಫಲ ಚೀಟಿಯಲ್ಲಿ ಇಲ್ಲದಿದ್ದರೆ ಬರೆದುಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಈಗ ಕೂಡಿಸೋಣ

ಸರಳವಾದದ್ದು 1998ರಿಂದ ಬಳಕೆಯಲ್ಲಿರುವ ಡಿ'ಅಮಿಕೊ ವಿಂಗಡಣೆ. ಪಿಎಸ್‌ಎ 10ರೊಳಗೆ, ಗ್ಲೀಸನ್ 6, ಟಿ1ಸಿ ಅಥವಾ ಟಿ2ಎ: ಈ ಮೂರೂ ಇದ್ದರೆ ಕಡಿಮೆ ಅಪಾಯ. ಪಿಎಸ್‌ಎ 20 ದಾಟಿದ್ದು, ಗ್ಲೀಸನ್ 8 ಅಥವಾ ಹೆಚ್ಚು, ಟಿ2ಸಿ ಅಥವಾ ಮೇಲೆ: ಇವುಗಳಲ್ಲಿ ಒಂದಿದ್ದರೂ ಹೆಚ್ಚು ಅಪಾಯ. ನಡುವಿನದು ಮಧ್ಯಮ. ಇದರ ಕೊರತೆ ಏನೆಂದರೆ ಎಷ್ಟು ಕೋರ್‌ನಲ್ಲಿ ರೋಗ ಬಂತು ಎಂಬುದನ್ನು ಇದು ಕೇಳುವುದೇ ಇಲ್ಲ, 3+4 ಮತ್ತು 4+3 ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ.

ಆ ಕೊರತೆ ತುಂಬುವುದು ಕ್ಯಾಪ್ರಾ ಅಂಕ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ತಂಡ 2005ರಲ್ಲಿ ಕೊಟ್ಟದ್ದು. ಆಪರೇಶನ್ ನಂತರ ರೋಗ ಮರುಕಳಿಸುವ ಸಂಭವವನ್ನು ಅಳೆಯಲು ಇದನ್ನು ಮಾಡಿದರು. ಕಂಪ್ಯೂಟರ್ ಬೇಡ, ಬೆರಳಲ್ಲೇ ಎಣಿಸಬಹುದು:

- ವಯಸ್ಸು 50ರೊಳಗೆ 0. 50 ಅಥವಾ ಮೇಲೆ 1
- ಪಿಎಸ್‌ಎ 6ರವರೆಗೆ 0, 6.1ರಿಂದ 10ಕ್ಕೆ 1, 10.1ರಿಂದ 20ಕ್ಕೆ 2, 20.1ರಿಂದ 30ಕ್ಕೆ 3. 30 ದಾಟಿದರೆ 4
- ಗ್ಲೀಸನ್‌ನಲ್ಲಿ 4 ಅಥವಾ 5 ಇಲ್ಲವೇ ಇಲ್ಲದಿದ್ದರೆ 0. ಎರಡನೇ ಅಂಕಿ 4 ಅಥವಾ 5 ಆದರೆ 1. ಮೊದಲ ಅಂಕಿಯೇ 4 ಅಥವಾ 5 ಆದರೆ 3
- ಟಿ1, ಟಿ2ಕ್ಕೆ 0; ಟಿ3ಎಗೆ 1
- ಕ್ಯಾನ್ಸರ್ ಇರುವ ಕೋರ್ ಶೇ. 34ಕ್ಕಿಂತ ಕಡಿಮೆ ಇದ್ದರೆ 0. 34 ಅಥವಾ ಹೆಚ್ಚಾದರೆ 1

ಕೂಡಿದಾಗ 0ರಿಂದ 2 ಬಂದರೆ ಕಡಿಮೆ, 3ರಿಂದ 5 ಮಧ್ಯಮ, 6ರಿಂದ 10 ಹೆಚ್ಚು ಅಪಾಯ.

ಒಂದು ಮಾದರಿ ಫೈಲ್ ಹಿಡಿಯೋಣ. ಜಮಖಂಡಿ ಕಡೆಯ 67 ವರ್ಷದ ರೈತ, ಪಿಎಸ್‌ಎ 11.4, ಬೆರಳಿಗೆ ಬಲಗಡೆ ಸಣ್ಣ ಗಂಟು, ಅಂದರೆ ಟಿ2ಎ. 12ರಲ್ಲಿ 5 ಕೋರ್, ಗ್ಲೀಸನ್ 4+3. ಡಿ'ಅಮಿಕೊ ಪ್ರಕಾರ ಮಧ್ಯಮ. ಕ್ಯಾಪ್ರಾ: ವಯಸ್ಸಿಗೆ 1, ಪಿಎಸ್‌ಎಗೆ 2, ಗ್ಲೀಸನ್‌ಗೆ 3, ಹಂತಕ್ಕೆ 0, ಕೋರ್‌ಗೆ 1. ಒಟ್ಟು 7, ಹೆಚ್ಚು ಅಪಾಯ. ಅದೇ 3+4 ಆಗಿದ್ದರೆ ಒಟ್ಟು 5, ಮಧ್ಯಮದಲ್ಲೇ ನಿಲ್ಲುತ್ತಿತ್ತು. ಇನ್ನೊಂದು ತಿರುವು: ಇವರು ಒಂದು ವರ್ಷದಿಂದ ಡ್ಯುಟಾಸ್ಟರೈಡ್ ನುಂಗುತ್ತಿದ್ದಾರೆ ಎಂದು ಮಗಳು ಆಮೇಲೆ ನೆನಪಿಸಿದಳೆನ್ನಿ. ಆಗ ಪಿಎಸ್‌ಎಯನ್ನು 22.8 ಎಂದೇ ಹಿಡಿಯಬೇಕು. ಕ್ಯಾಪ್ರಾ 8ಕ್ಕೆ ಏರುತ್ತದೆ, ಡಿ'ಅಮಿಕೊದಲ್ಲೂ ಹೆಚ್ಚು ಅಪಾಯದ ಗುಂಪಿಗೆ ಬೀಳುತ್ತದೆ. ಬಯಾಪ್ಸಿಯಲ್ಲಿ ಒಂದಕ್ಷರವೂ ಬದಲಾಗಿಲ್ಲ.

ಗ್ರಂಥಿ ದಾಟಿರುವ ಸಂಭವ ಶೇಕಡಾ ಎಷ್ಟು ಎಂಬ ನೇರ ಪ್ರಶ್ನೆಗೆ ವೈದ್ಯರು ಪಾರ್ಟಿನ್ ಕೋಷ್ಟಕ ನೋಡುತ್ತಾರೆ. ಜಾನ್ಸ್ ಹಾಪ್ಕಿನ್ಸ್‌ನವರು 1993ರಲ್ಲಿ ಮೊದಲು ಪ್ರಕಟಿಸಿ ಆಮೇಲೆ ಹಲವು ಸಲ ತಿದ್ದಿದ್ದು ಇದು. ಪಿಎಸ್‌ಎ, ಗ್ಲೀಸನ್, ಟಿ ಹಂತ ಕೊಟ್ಟರೆ ರೋಗ ಗ್ರಂಥಿಯೊಳಗೇ ಇರುವ, ಕವಚ ದಾಟಿರುವ, ವೀರ್ಯಕೋಶಕ್ಕೆ ಹೋಗಿರುವ, ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹೋಗಿರುವ ಸಂಭವವನ್ನು ಬೇರೆ ಬೇರೆಯಾಗಿ ಹೇಳುತ್ತದೆ. ದುಗ್ಧಗ್ರಂಥಿಗಳ ಮಟ್ಟಿಗೆ ಬ್ರಿಗಾಂಟಿ ಲೆಕ್ಕ ಹೆಚ್ಚು ಬಳಕೆಯಲ್ಲಿದೆ, ಅದು ಕೋರ್‌ಗಳ ಶೇಕಡಾವಾರನ್ನೂ ಕೇಳುತ್ತದೆ. ಅದರ 2012ರ ಆವೃತ್ತಿಯಲ್ಲಿ ಸಂಭವ ಶೇ. 5 ಮೀರಿದರೆ ಆಪರೇಶನ್ ವೇಳೆ ಸೊಂಟದ ದುಗ್ಧಗ್ರಂಥಿಗಳನ್ನೂ ವಿಸ್ತಾರವಾಗಿ ತೆಗೆಯುವ ಆಲೋಚನೆ ಮಾಡುತ್ತಾರೆ. ಇವೆಲ್ಲ ಗುಂಪಿನ ಲೆಕ್ಕ. ಶೇ. 30 ಎಂದರೆ ಇಂಥ ನೂರು ಜನರಲ್ಲಿ ಮೂವತ್ತು ಮಂದಿಗೆ ಎಂದು ಅರ್ಥ, ಆ ಮೂವತ್ತರಲ್ಲಿ ನಿಮ್ಮವರು ಇದ್ದಾರೆಯೇ ಎಂಬುದನ್ನು ಅದು ಹೇಳದು.

ಯಾರಿಗೆ ಯಾವ ಸ್ಕ್ಯಾನ್

ಕಡಿಮೆ ಅಪಾಯದ ಗುಂಪಿಗೆ ಬೋನ್ ಸ್ಕ್ಯಾನ್ ಸಾಮಾನ್ಯವಾಗಿ ಬೇಡ. ಹೊಲದ ಕೆಲಸದಲ್ಲಿ ಸವೆದ ಮೊಣಕಾಲು, ಬೆನ್ನುಮೂಳೆ ಆ ಸ್ಕ್ಯಾನ್‌ನಲ್ಲಿ ಹೊಳೆದು ಕಾಣುತ್ತವೆ, ಆಮೇಲೆ ಅದು ಸವೆತವೋ ಕ್ಯಾನ್ಸರೋ ಎಂದು ಬಿಡಿಸಲು ಮತ್ತೆ ಖರ್ಚು. ಮಧ್ಯಮದಲ್ಲಿ ಮೇಲಿನ ತುದಿಯವರಿಗೆ, ಅಂದರೆ 4+3 ಅಥವಾ ಅರ್ಧಕ್ಕಿಂತ ಹೆಚ್ಚು ಕೋರ್‌ನಲ್ಲಿ ರೋಗ ಇರುವವರಿಗೆ, ಮತ್ತು ಹೆಚ್ಚು ಅಪಾಯದವರಿಗೆ ಎಲುಬು ಮತ್ತು ದುಗ್ಧಗ್ರಂಥಿ ನೋಡಲೇಬೇಕು. ಬೋನ್ ಸ್ಕ್ಯಾನ್ ಜೊತೆ ಸಿಟಿ ಹಳೆಯ ಜೋಡಿ. ಪ್ರಾಸ್ಟೇಟ್ ಕ್ಯಾನ್ಸರ್ ಜೀವಕೋಶಗಳನ್ನೇ ಹುಡುಕಿ ತೋರಿಸುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಅದಕ್ಕಿಂತ ಸೂಕ್ಷ್ಮ: ಹೆಚ್ಚು ಅಪಾಯದವರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಅದರ ನಿಖರತೆ ಶೇ. 92, ಹಳೆಯ ಜೋಡಿಯದು ಶೇ. 65.

ಕವಚ ದಾಟಿದೆಯೇ ಎಂದು ನೋಡುವುದಕ್ಕೆ ಎಂಆರ್‌ಐ ಬೇಕು. ಬಯಾಪ್ಸಿಗೆ ಮೊದಲೇ ಆಗಿದ್ದರೆ ಒಳ್ಳೆಯದು. ಆಗಿರದಿದ್ದರೆ 6ರಿಂದ 8 ವಾರ ಬಿಟ್ಟು ಮಾಡಿಸಿ, ಸೂಜಿ ಚುಚ್ಚಿದ ಜಾಗದ ರಕ್ತ ಆರುವ ಮೊದಲು ತೆಗೆದರೆ ಕಲೆಗಳು ಗಡ್ಡೆಯನ್ನು ಮುಚ್ಚಿ ಮೋಸ ಮಾಡುತ್ತವೆ. ಎಂಆರ್‌ಐ ಸ್ವಚ್ಛ ಬಂದರೂ ಕಣ್ಣಿಗೆ ಕಾಣದಷ್ಟು ಸಣ್ಣ ದಾಟುವಿಕೆ ಇರಬಹುದು.

ಆಪರೇಶನ್ ಟೇಬಲ್ ಮೇಲೆ ಇದರ ಉಪಯೋಗ

ಕೋರ್‌ಗಳ ನಕ್ಷೆ ಸರ್ಜನ್‌ಗೆ ಬೇಕಾಗುವುದು ಇಲ್ಲಿ. ಲಿಂಗ ಗಟ್ಟಿಯಾಗಲು ಬೇಕಾದ ನರಗಳು ಗ್ರಂಥಿಯ ಎರಡೂ ಬದಿಗೆ ಅಂಟಿಕೊಂಡೇ ಹೋಗುತ್ತವೆ. ಬಲಗಡೆ 4+3 ಉದ್ದುದ್ದ ಇದ್ದು, ಎಡಗಡೆ ಏನೂ ಇಲ್ಲದಿದ್ದರೆ ಎಡ ನರ ಉಳಿಸಿ, ಬಲಗಡೆ ಅಗಲವಾಗಿ ಕತ್ತರಿಸುವ ಯೋಜನೆ ಸಾಧ್ಯ. ತುದಿಯ ಕೋರ್‌ನಲ್ಲಿ ರೋಗ ಇದ್ದರೆ ಮೂತ್ರನಾಳ ಕತ್ತರಿಸುವಲ್ಲಿ ಅಂಚಿನಲ್ಲಿ ಕ್ಯಾನ್ಸರ್ ಉಳಿಯದಂತೆ ಎಚ್ಚರ ಬೇಕು. ಹೆಚ್ಚು ಬಿಟ್ಟರೆ ರೋಗ ಉಳಿಯುತ್ತದೆ, ಹೆಚ್ಚು ಕತ್ತರಿಸಿದರೆ ಉಚ್ಚಿ ಹಿಡಿತಕ್ಕೆ ಬರುವುದಿಲ್ಲ. "ಯಾವ ಕಡೆ ನರ ಉಳಿಸ್ತೀರಿ, ಯಾಕೆ?" ಎಂದು ಆಪರೇಶನ್‌ಗೆ ಮೊದಲೇ ಕೇಳಿ.

ಸೂಜಿ ಬಯಾಪ್ಸಿಯೇ ಆಗದವರು

ಉಚ್ಚಿ ಕಟ್ಟಿ ಟಿಯುಆರ್‌ಪಿ (ಮೂತ್ರನಾಳದ ಮೂಲಕ ಪ್ರಾಸ್ಟೇಟ್ ಕೆರೆದು ತೆಗೆಯುವ ಆಪರೇಶನ್) ಮಾಡಿಸಿಕೊಂಡವರ ಚೂರುಗಳಲ್ಲಿ ಅನಿರೀಕ್ಷಿತವಾಗಿ ಕ್ಯಾನ್ಸರ್ ಸಿಗುವುದುಂಟು. ಬೆರಳಿಗೆ ಏನೂ ಸಿಗದೆ, ಚೂರುಗಳಲ್ಲಿ ಶೇ. 5ರವರೆಗೆ ಇದ್ದರೆ ಟಿ1ಎ, ಅದಕ್ಕಿಂತ ಹೆಚ್ಚಾದರೆ ಟಿ1ಬಿ. ಟಿಯುಆರ್‌ಪಿ ಒಳಭಾಗವನ್ನಷ್ಟೇ ಕೆರೆಯುತ್ತದೆ, ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವ ಹೊರಭಾಗ ಹಾಗೇ ಇರುತ್ತದೆ. ಆದ್ದರಿಂದ ಕೋರ್‌ಗಳ ಶೇಕಡಾ ಕೇಳುವ ಲೆಕ್ಕಗಳು ಇವರಿಗೆ ಹೊಂದುವುದಿಲ್ಲ. ಪಿಎಸ್‌ಎ ಮತ್ತೆ ನೋಡಿ, ಎಂಆರ್‌ಐ ಮಾಡಿ, ಬೇಕಾದರೆ ಸೂಜಿ ಬಯಾಪ್ಸಿ ಮಾಡುತ್ತಾರೆ.

ಸ್ಲೈಡ್ ಇನ್ನೊಬ್ಬರಿಗೆ ತೋರಿಸುವುದು

3 ಮತ್ತು 4ರ ಗಡಿಯಲ್ಲಿ ಇಬ್ಬರು ಒಳ್ಳೆಯ ಪೆಥಾಲಜಿಸ್ಟ್‌ಗಳೇ ಬೇರೆ ಬೇರೆ ಹೇಳಬಹುದು. ಹಾಗಾಗಿ ಆಪರೇಶನ್‌ಗೆ ಮೊದಲು ಸ್ಲೈಡ್‌ಗಳನ್ನು ಇನ್ನೊಮ್ಮೆ ಓದಿಸುವುದು ಸಂಶಯಪಡುವುದಲ್ಲ, ಪದ್ಧತಿಯೇ. ಬೆಳಗಾವಿಯ ಕೆಎಲ್‌ಇ ಮತ್ತು ಬಿಮ್ಸ್, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜುಗಳಲ್ಲಿ ಪೆಥಾಲಜಿ ವಿಭಾಗಗಳಿವೆ. ಅಥಣಿ, ಚಿಕ್ಕೋಡಿ ಕಡೆಯವರು ಮಿರಜಿಗೆ, ಇಂಡಿ, ಚಡಚಣದವರು ಸೊಲ್ಲಾಪುರಕ್ಕೆ ಹೋಗುವುದು ಹೊಸದೇನಲ್ಲ. ಎಲ್ಲಿಗೆ ಹೋದರೂ ರಿಪೋರ್ಟಿನ ಝೆರಾಕ್ಸ್ ಸಾಲದು, ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಎರಡೂ ಬೇಕು. ಬಣ್ಣ ಹಾಕಿ ಮತ್ತೆ ಪರೀಕ್ಷೆ ಮಾಡಬೇಕೆಂದರೆ ಬ್ಲಾಕ್ ಇಲ್ಲದೆ ಆಗದು.

ಬರೆದುಕೊಟ್ಟು ಪಡೆದ ಬ್ಲಾಕ್‌ಗಳ ಮೇಲಿನ ನಂಬರನ್ನು ರಿಪೋರ್ಟಿನ ನಂಬರಿಗೆ ತಾಳೆ ಹಾಕಿ ನೋಡಿ. ಸ್ಲೈಡ್‌ಗಳನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲೇ ಒಯ್ಯಿರಿ, ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದರೆ ಬಸ್ಸಿನಲ್ಲಿ ಒಡೆಯುತ್ತವೆ. ಬ್ಲಾಕಿನ ಮೇಣ 56ರಿಂದ 60 ಡಿಗ್ರಿಗೆ ಕರಗುತ್ತದೆ. ಏಪ್ರಿಲ್, ಮೇ ಬಿಸಿಲಿಗೆ ನಿಲ್ಲಿಸಿದ ಕಾರಿನ ಗಾಜಿನ ಹಿಂದೆ ಇಟ್ಟು ಊಟಕ್ಕೆ ಹೋಗಬೇಡಿ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಯಾವ ಕಾಗದ ಬೇಕೆಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಸ್ಕ್ಯಾನ್ ಮಾಡಿಸುವ ಮೊದಲೇ ಕೇಳಿ.

ಆಪರೇಶನ್ ಆದ ಮೇಲೆ ಅಂಕಿ ಬದಲಾದರೆ

ತೆಗೆದ ಪೂರ್ತಿ ಗ್ರಂಥಿಯನ್ನು ಕತ್ತರಿಸಿ ನೋಡಿದಾಗ ಹೊಸ ಹಂತ ಬರುತ್ತದೆ. ಮೊದಲಿನದರ ಮುಂದೆ ಸಿ, ಇದರ ಮುಂದೆ ಪಿ ಎಂದು ಬರೆಯುತ್ತಾರೆ. ಬಯಾಪ್ಸಿಯಲ್ಲಿ 6 ಇದ್ದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಗ್ಲೀಸನ್ ಏರುತ್ತದೆ, ಟಿ2 ಎಂದುಕೊಂಡದ್ದು ಟಿ3ಎ ಆಗುವುದೂ ಇದೆ. ಲ್ಯಾಬಿನವರ ಮೇಲೆ ಸಿಟ್ಟಾಗುವ ಮೊದಲು ಆ 12 ಎಳೆಗಳಿಗೆ ಸಿಕ್ಕದ್ದು ಎಷ್ಟು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮುಂದಿನ ಚಿಕಿತ್ಸೆ ಪಿ ಹಂತ, ಅಂಚಿನ ಸ್ಥಿತಿ ಮತ್ತು 6ರಿಂದ 8 ವಾರದ ನಂತರದ ಪಿಎಸ್‌ಎ ನೋಡಿ ತೀರ್ಮಾನವಾಗುತ್ತದೆ. ಹಳೆಯ ಬಯಾಪ್ಸಿ ಬ್ಲಾಕ್‌ಗಳನ್ನು ಆಗಲೂ ಎಸೆಯಬೇಡಿ, ಕೊಟ್ಟ ಲ್ಯಾಬಿಗೇ ವಾಪಸ್ ಮಾಡಿ ಸ್ವೀಕೃತಿ ಪಡೆಯಿರಿ. ಮುಂದೆ ಗಡ್ಡೆಯ ಜೀನ್ ಪರೀಕ್ಷೆ ಬೇಕಾದರೆ ಅವೇ ಬೇಕಾಗಬಹುದು.